ಎದೆಯೊಳಗಿನ ಗಡ್ಡೆ ಮತ್ತು ನಮ್ಮ ಒಂದು ತಪ್ಪು ತಲೆಬರಹ

ವಳಕಮದಿನ್ನಿಯ ಆ ಅಕ್ಕನ ಬಗ್ಗೆ ನಾವು ಬರೆದು ಕಳಿಸಿದ್ದು ಆರು ಸಾಲಿನ ಸುದ್ದಿ. ತಲೆಬರಹ ನಾಲ್ಕೇ ಪದ: ‘ಹೃದಯ ಕ್ಯಾನ್ಸರ್ ಗೆದ್ದ ಮಹಿಳೆ’. ಅದರಲ್ಲಿ ಒಂದು ಪದ ಸುಳ್ಳು. ಅದನ್ನು ಬರೆದದ್ದು ಡೆಸ್ಕಿನವರಲ್ಲ, ನಾವೇ.

ಸುದ್ದಿ ಅಚ್ಚಾದ ದಿನ ಖುಷಿಪಟ್ಟೆವು. ಒಳಪುಟದಲ್ಲಾದರೂ ಒಂದು ಹಳ್ಳಿಯ ಹೆಸರು ಬಂತಲ್ಲ ಎಂಬ ಖುಷಿ. ಎರಡು ತಿಂಗಳ ನಂತರ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಆಕೆಯ ಗಂಡ ಸಿಕ್ಕ. ಸಿಟ್ಟು ಮಾಡಲಿಲ್ಲ. ‘ಸರ, ನೀವು ಬರ್ದಿದ್ದು ಚಲೋನ ಐತಿ. ಆದ್ರ ಮಗಳ ನೋಡಾಕ ಬರಾವ್ರು ಪೇಪರ್ ಓದಿ ಬ್ಯಾಡಂದ್ರು. ತಾಯಿಗೆ ಕ್ಯಾನ್ಸರ್ ಅಂದ್ರ ಮಗಳಿಗೂ ಬರ್ತೈತಂತ’ ಅಂದ. ನಾವು ಚಹಾ ಕುಡಿಸಿ ಕಳಿಸಿದೆವು. ಆ ಚಹಾ ನಮಗೆ ಗಂಟಲಲ್ಲಿ ಇಳಿಯಲಿಲ್ಲ.

ಆಕೆಗೆ ಇದ್ದದ್ದು ಕ್ಯಾನ್ಸರ್ ಅಲ್ಲ. ಹೃದಯದೊಳಗೆ ಬೆಳೆಯುವ, ಆದರೆ ಕ್ಯಾನ್ಸರ್ ಅಲ್ಲದ ಗಡ್ಡೆ. ವೈದ್ಯರ ಚೀಟಿಯಲ್ಲಿ ‘ಮಿಕ್ಸೋಮಾ’ ಎಂದು ಬರೆದಿತ್ತು. ನಾವು ಅದನ್ನು ಓದಿದ್ದೆವು. ಅರ್ಥ ಕೇಳಿರಲಿಲ್ಲ. ಒಂದು ತಿದ್ದುಪಡಿ ಹಾಕಿ ಎಂದು ಕೇಳಿದಾಗ, ಎರಡು ತಿಂಗಳ ಹಳೆಯ ಸುದ್ದಿಗೆ ಜಾಗವಿಲ್ಲ ಎಂಬ ಉತ್ತರ ಬಂತು. ಹಾಗಾಗಿ ಇಲ್ಲಿ, ನಮ್ಮ ಗೆಳೆಯರ ಈ ಜಾಗದಲ್ಲಿ, ಆರು ಸಾಲಿಗೆ ಬದಲಾಗಿ ಪೂರ್ತಿ ಬರೆಯುತ್ತಿದ್ದೇವೆ. ಈ ಗಡ್ಡೆಯನ್ನು ಮನುಷ್ಯ ಹೇಗೆ ಕಂಡುಹಿಡಿದ, ಅದನ್ನು ತೆಗೆಯಲು ಎಷ್ಟು ಕಾಲ ಬೇಕಾಯಿತು, ಆ ವಿದ್ಯೆ ನಮ್ಮ ಕಡೆಗೆ ಹೇಗೆ ನಡೆದು ಬಂತು ಎಂಬುದೇ ಈ ಬರಹ.

ಬಗ್ಗಿದರೆ ಕತ್ತಲೆ

ಮೊದಲು ಆಕೆಯ ಕಥೆ. ನಾಟಿಯ ಕಾಲ. ಗದ್ದೆಯಲ್ಲಿ ಬಗ್ಗಿ ಸಸಿ ಹಚ್ಚಿ ಮೇಲೆದ್ದರೆ ಕಣ್ಣಿಗೆ ಕತ್ತಲೆ. ಎರಡು ಸಲ ಕೆಸರಿನಲ್ಲೇ ಬಿದ್ದಳು. ರಾತ್ರಿ ಒಂದು ಮಗ್ಗುಲಿಗೆ ಮಲಗಿದರೆ ಉಸಿರು ಸಲೀಸು, ಇನ್ನೊಂದು ಮಗ್ಗುಲಿಗೆ ಹೊರಳಿದರೆ ಎದೆ ಕಟ್ಟುವುದು. ಸಂಜೆ ಸಣ್ಣ ಜ್ವರ. ಮೈ ಇಳಿಯುತ್ತಿತ್ತು. ಒಂದು ಕಡೆ ದಮ್ಮು ಎಂದರು, ಇನ್ನೊಂದು ಕಡೆ ರಕ್ತ ಕಡಿಮೆ ಎಂದರು, ಮತ್ತೊಂದು ಕಡೆ ಟಿಬಿ ಇರಬಹುದೆಂದು ಕಫ ಪರೀಕ್ಷೆ ಮಾಡಿಸಿದರು. ಊರಲ್ಲಿ ಗಾಳಿ ಎಂದರು, ತಾಯತ ಕಟ್ಟಿಸಿದರು. ಹೀಗೆ ಎಂಟು ತಿಂಗಳು ಕಳೆಯಿತು.

ಕೊನೆಗೆ ರಾಯಚೂರಿನಲ್ಲಿ ಒಬ್ಬ ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಮಲಗಿಸಿ ಕೇಳಿ, ಕೂಡಿಸಿ ಕೇಳಿ, ಮತ್ತೆ ಮಲಗಿಸಿ ಕೇಳಿದರಂತೆ. ‘ಕುಂತಾಗೊಂದು, ಮಕ್ಕೊಂಡಾಗೊಂದು ಸಪ್ಪಳ ಬರ್ತೈತಿ’ ಅಂದು ಎಕೋ ಬರೆದುಕೊಟ್ಟರು. ಎಕೋ ಪರದೆಯ ಮೇಲೆ ಎಡ ಹೃತ್ಕರ್ಣದೊಳಗೆ ಒಂದು ಉಂಡೆ ಕಂಡಿತು. ತೊಟ್ಟಿಗೆ ನೇತುಬಿದ್ದ ಕಾಯಿಯ ಹಾಗೆ ಪ್ರತಿ ಬಡಿತಕ್ಕೂ ಕವಾಟದೊಳಗೆ ಇಳಿದು, ಮತ್ತೆ ಮೇಲೆ ಬರುತ್ತಿತ್ತು.

ಇದರ ಹಿಂದಿನ ಲೆಕ್ಕ ಸರಳ. ನಮ್ಮ ಹೃದಯದಲ್ಲಿ ನಾಲ್ಕು ಕೋಣೆ. ಶ್ವಾಸಕೋಶದಿಂದ ಶುದ್ಧವಾಗಿ ಬಂದ ರಕ್ತ ಎಡ ಹೃತ್ಕರ್ಣಕ್ಕೆ ಬಂದು, ಮೈಟ್ರಲ್ ಕವಾಟ ದಾಟಿ ಎಡ ಹೃತ್ಕುಕ್ಷಿಗೆ ಇಳಿಯುತ್ತದೆ. ಅಲ್ಲಿಂದ ಇಡೀ ಮೈಗೆ. ಮಿಕ್ಸೋಮಾ ಗಡ್ಡೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಬೆಳೆಯುವುದು ಈ ಎಡ ಹೃತ್ಕರ್ಣದಲ್ಲೇ, ಎರಡು ಹೃತ್ಕರ್ಣಗಳ ನಡುಗೋಡೆಗೆ ತೊಟ್ಟಿನಿಂದ ಅಂಟಿಕೊಂಡು. ಕಾಲುವೆಯ ತೂಬಿನ ಬಾಯಿಗೆ ಕಸದ ಉಂಡೆ ಬಂದು ಕೂತ ಹಾಗೆ. ಉಂಡೆ ಬಾಯಿಗೆ ಬಂದಾಗ ರಕ್ತ ನಿಲ್ಲುತ್ತದೆ, ತಲೆ ತಿರುಗುತ್ತದೆ. ಮಗ್ಗುಲಾದಾಗ ಉಂಡೆ ಸರಿದು ದಾರಿ ಬಿಡುತ್ತದೆ. ಆಕೆಯ ಮಗ್ಗುಲಿನ ಗುಟ್ಟು ಇಷ್ಟೇ.

ಈ ಗಡ್ಡೆ ಮಾಡುವ ಅನಾಹುತ ಮೂರು ಬಗೆ. ಒಂದು, ಹೀಗೆ ದಾರಿ ಕಟ್ಟುವುದು. ಎರಡು, ಗಡ್ಡೆಯ ಚೂರು ಕಳಚಿ ರಕ್ತದ ಜತೆ ಹರಿದು ಮಿದುಳಿಗೆ ಹೋಗಿ ಲಕ್ವ ಹೊಡೆಸುವುದು, ಇಲ್ಲವೇ ಕೈಕಾಲಿನ ನಾಳ ಮುಚ್ಚುವುದು. ಮೂರು, ಜ್ವರ, ಸುಸ್ತು, ಕೀಲುನೋವು, ತೂಕ ಇಳಿಯುವುದು. ಗಡ್ಡೆ ರಕ್ತಕ್ಕೆ ಬಿಡುವ ಇಂಟರ್‌ಲ್ಯೂಕಿನ್-6 ಎಂಬ ಪದಾರ್ಥ ಇದಕ್ಕೆ ಮುಖ್ಯ ಕಾರಣ. ಮೂರನೆಯ ಬಗೆ ಟಿಬಿಯನ್ನೂ ವಾತವನ್ನೂ ನೆನಪಿಸುತ್ತದೆ. ಮೊದಲನೆಯದು ವಾತಜ್ವರದಿಂದ ಕವಾಟ ಕಿರಿದಾಗುವ ಕಾಯಿಲೆಯ ವೇಷ ಹಾಕುತ್ತದೆ. ಆ ಕಾಯಿಲೆ ನಮ್ಮ ಬಡ ಊರುಗಳಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಅನುಭವಿ ವೈದ್ಯರೂ ಮೊದಲು ಇದನ್ನು ನೆನೆಯುವುದಿಲ್ಲ. ಅದರಲ್ಲಿ ಅವರ ತಪ್ಪೂ ಇಲ್ಲ. ಹತ್ತು ಸಾವಿರ ಶವಪರೀಕ್ಷೆ ಮಾಡಿದರೆ ಹೃದಯದಲ್ಲೇ ಹುಟ್ಟಿದ ಗಡ್ಡೆ ಸಿಗುವುದು ಒಂದೋ ಎರಡೋ. ಆದರೆ ಆ ಒಂದೆರಡರಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲದವು. ದೊಡ್ಡವರಲ್ಲಿ ಅವುಗಳ ಪೈಕಿ ಮಿಕ್ಸೋಮಾದ್ದೇ ದೊಡ್ಡ ಪಾಲು, ಅದೂ ಮೂವತ್ತರಿಂದ ಅರವತ್ತರ ವಯಸ್ಸಿನ ಹೆಂಗಸರಲ್ಲಿ ಹೆಚ್ಚು.

ಸತ್ತ ಮೇಲೆ ಗೊತ್ತಾಗುತ್ತಿದ್ದ ರೋಗ

ಹೃದಯದ ಗಡ್ಡೆಯ ಮೊದಲ ದಾಖಲೆ ಎಂದು ಇತಿಹಾಸಕಾರರು ತೋರಿಸುವುದು ಇಟಲಿಯ ಅಂಗರಚನಾಶಾಸ್ತ್ರಜ್ಞ ರಿಯಾಲ್ಡೊ ಕೊಲಂಬೊನ ಪುಸ್ತಕವನ್ನು. ಅದು ಅಚ್ಚಾದದ್ದು 1559ರಲ್ಲಿ, ಆತ ತೀರಿಕೊಂಡ ವರ್ಷ. ನಮ್ಮ ದೋಆಬಿಗಾಗಿ ವಿಜಯನಗರ ಮತ್ತು ವಿಜಾಪುರ ಕಾದಾಡುತ್ತಿದ್ದ ಕಾಲ. ರಕ್ಕಸತಂಗಡಿ ಯುದ್ಧಕ್ಕೆ ಇನ್ನೂ ಆರು ವರ್ಷ ಬಾಕಿ. ಹೆಣ ಕೊಯ್ದು ನೋಡಿದಾಗ ಕಂಡದ್ದನ್ನು ಆತ ಬರೆದಿಟ್ಟ. ಮುಂದೆ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಈ ರೋಗ ಹೆಣದ ಮೇಜಿನ ಮೇಲೆಯೇ ಉಳಿಯಿತು.

1809ರಲ್ಲಿ ಬರ್ನ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯ ಎಡ ಹೃತ್ಕರ್ಣದ ಗಡ್ಡೆ ಕವಾಟದ ಬಾಯಿ ಮುಚ್ಚಬಲ್ಲದು ಎಂದು ಬರೆದ. ತೂಬಿಗೆ ಉಂಡೆ ಕೂರುವ ವಿಚಾರ ಅಲ್ಲಿಂದ ಶುರು. 1816ರಲ್ಲಿ ಫ್ರಾನ್ಸಿನ ಲೆನೆಕ್ ಕಾಗದದ ಸುರುಳಿ ಎದೆಗಿಟ್ಟು ಕೇಳಿ ಸ್ಟೆತಾಸ್ಕೋಪಿಗೆ ದಾರಿ ಮಾಡಿದ. 1845ರಲ್ಲಿ ಕಿಂಗ್ ಎಂಬಾತ ಲಂಡನ್ನಿನ ‘ಲ್ಯಾನ್ಸೆಟ್’ನಲ್ಲಿ ಎಡ ಹೃತ್ಕರ್ಣದ ಇಂಥ ಗಡ್ಡೆಗಳ ವಿವರ ಪ್ರಕಟಿಸಿದ. ‘ಮಿಕ್ಸೋಮಾ’ ಎಂಬ ಹೆಸರು ಬಂದದ್ದು ಜರ್ಮನಿಯ ರುಡಾಲ್ಫ್ ವಿರ್ಚೋವ್‌ನಿಂದ. ಗ್ರೀಕ್ ಭಾಷೆಯಲ್ಲಿ ‘ಮಿಕ್ಸಾ’ ಎಂದರೆ ಲೋಳೆ. ಗಡ್ಡೆ ಕೊಯ್ದರೆ ಒಳಗೆ ಎಳೆಯ ತಾಟಿನುಂಗಿನ ತಿರುಳಿನ ಹಾಗೆ ಲೋಳೆಲೋಳೆ.

ಹೆಸರು ಸಿಕ್ಕ ಮಾತ್ರಕ್ಕೆ ಜಗಳ ಮುಗಿಯಲಿಲ್ಲ. ಇದು ನಿಜವಾದ ಗಡ್ಡೆಯೋ, ಅಥವಾ ಹಳೆಯ ಹೆಪ್ಪುಗಟ್ಟಿದ ರಕ್ತವೇ ಹೀಗಾಗಿದೆಯೋ ಎಂದು ಬಹಳ ವರ್ಷ ವಾದ ನಡೆಯಿತು. ಗಡ್ಡೆಯೇ ಹೌದು ಎಂದು ಒಪ್ಪಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ನಮ್ಮ ಮಸ್ಕಿಯ ಬಂಡೆಯ ಕಥೆಯನ್ನು ಇಲ್ಲಿ ನೆನೆಯಬಹುದು. ‘ದೇವಾನಾಂಪ್ರಿಯ’ ಎಂಬ ಬಿರುದು ದೇಶದ ತುಂಬ ಶಾಸನಗಳಲ್ಲಿ ಇತ್ತು. ಆತ ಅಶೋಕನೇ ಎಂದು ವಿದ್ವಾಂಸರು ಹೇಳುತ್ತಲೂ ಇದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಆಮೇಲೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಹೃದಯದ ಗಡ್ಡೆಗೂ ಅಂಥದೊಂದು ಸಾಕ್ಷಿ ಬೇಕಿತ್ತು. ರೋಗಿ ಬದುಕಿರುವಾಗಲೇ ಅದನ್ನು ಕಣ್ಣಾರೆ ಕಾಣುವ ಸಾಕ್ಷಿ.

ಕಾಣಿಸಿತು, ಆದರೆ ಮುಟ್ಟುವುದು ಹೇಗೆ?

1895ರಲ್ಲಿ ರಾಂಟ್‌ಜೆನ್ ಕ್ಷಕಿರಣ ಕಂಡುಹಿಡಿದ. ಆದರೆ ಸಾದಾ ಕ್ಷಕಿರಣದಲ್ಲಿ ಹೃದಯ ಒಂದು ನೆರಳು ಮಾತ್ರ, ಒಳಗೇನಿದೆ ಕಾಣದು. 1929ರಲ್ಲಿ ಜರ್ಮನಿಯ ತರುಣ ವೈದ್ಯ ವರ್ನರ್ ಫಾರ್ಸ್‌ಮನ್ ತನ್ನದೇ ತೋಳಿನ ನಾಳದಿಂದ ಸಣ್ಣ ಕೊಳವೆಯನ್ನು ಹೃದಯದವರೆಗೆ ತಳ್ಳಿ, ಹಾಗೆಯೇ ನಡೆದುಹೋಗಿ ಕ್ಷಕಿರಣ ಚಿತ್ರ ತೆಗೆಸಿಕೊಂಡ. ಆಗ ಬೈದರು, 1956ರಲ್ಲಿ ನೊಬೆಲ್ ಕೊಟ್ಟರು. ನಾಳಕ್ಕೆ ಬಣ್ಣದಂಥ ದ್ರವ ಬಿಟ್ಟು ಹೃದಯದ ಕೋಣೆಗಳನ್ನು ಚಿತ್ರದಲ್ಲಿ ಮೂಡಿಸುವ ವಿದ್ಯೆಯೂ ಈ ನಡುವೆ ಬೆಳೆಯಿತು.

ಆ ವಿದ್ಯೆಯಿಂದಲೇ 1952ರಲ್ಲಿ ಅಮೆರಿಕದ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ಬದುಕಿರುವ ರೋಗಿಯಲ್ಲಿ ಎಡ ಹೃತ್ಕರ್ಣದ ಮಿಕ್ಸೋಮಾ ಗುರುತಿಸಿದರು. ಶಸ್ತ್ರಚಿಕಿತ್ಸೆಗೆ ಕೈ ಹಾಕಿದರು. ರೋಗಿ ಉಳಿಯಲಿಲ್ಲ. ಅದೇ ಹೊತ್ತಿಗೆ ಬಾಲ್ಟಿಮೋರಿನಲ್ಲಿ ಬಾನ್ಸನ್ ಮತ್ತು ನ್ಯೂಮನ್ ಬಲ ಹೃತ್ಕರ್ಣದ ದೊಡ್ಡ ಗಡ್ಡೆಯೊಂದನ್ನು, ಹೃದಯಕ್ಕೆ ರಕ್ತ ತರುವ ಮಹಾಸಿರೆಗಳನ್ನು ಸ್ವಲ್ಪ ಹೊತ್ತು ಹಿಡಿದುಕಟ್ಟಿ ತೆಗೆದರು. ಗಡ್ಡೆ ಹೊರಬಂತು. ಆದರೆ ರೋಗಿ 24 ದಿನಗಳ ನಂತರ ತೀರಿಹೋದರು.

ತೊಡಕು ಏನೆಂದರೆ ಸಮಯ. ರಕ್ತ ನಿಂತರೆ ಮಿದುಳು ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ತಾಳದು. ಬಡಿಯುವ ಹೃದಯವನ್ನು ತೆರೆದರೆ ರಕ್ತ ಚಿಮ್ಮುತ್ತದೆ. ನಿಲ್ಲಿಸಿ ತೆರೆದರೆ ಮಿದುಳು ಸಾಯುತ್ತದೆ.

ಹೃದಯ ನಿಲ್ಲುವ ಈ ಭಯಕ್ಕೂ ನಮ್ಮ ಸೀಮೆಯ ಇತಿಹಾಸಕ್ಕೂ ಒಂದು ನಂಟಿದೆ. ರಾಯಚೂರು ಜಿಲ್ಲೆ ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಕ್ಲೋರೋಫಾರಂ ಕೊಟ್ಟಾಗ ರೋಗಿ ಸಾಯುವುದು ಉಸಿರು ನಿಂತೋ, ಹೃದಯ ನಿಂತೋ ಎಂಬ ವಾದ ಜಗತ್ತಿನಲ್ಲೆಲ್ಲ ನಡೆದಿತ್ತು. ಅದನ್ನು ತೀರ್ಮಾನಿಸಲು 1888 ಮತ್ತು 1889ರಲ್ಲಿ ಎರಡು ಆಯೋಗಗಳು ಹೈದರಾಬಾದಿನಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದವು. ಖರ್ಚು ನಿಜಾಮ್ ಮಹಬೂಬ್ ಅಲಿ ಖಾನರದು, ಮುಂದಾಳು ಎಡ್ವರ್ಡ್ ಲಾರಿ ಎಂಬ ವೈದ್ಯ. ಉಸಿರೇ ಮೊದಲು ನಿಲ್ಲುತ್ತದೆ, ಹೃದಯಕ್ಕೆ ಅಪಾಯವಿಲ್ಲ ಎಂದು ಅವರು ಹೇಳಿದರು. ಆ ತೀರ್ಮಾನ ತಪ್ಪು ಎಂದು 1911ರ ಹೊತ್ತಿಗೆ ಲಂಡನ್ನಿನ ಲೆವಿ ತೋರಿಸಿದ: ಕ್ಲೋರೋಫಾರಂ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ದೊಡ್ಡ ಆಯೋಗಗಳೂ ತಪ್ಪುತ್ತವೆ. ತಿದ್ದಿಕೊಂಡದ್ದರಿಂದಲೇ ವಿದ್ಯೆ ಮುಂದೆ ಹೋಯಿತು. ನಮ್ಮ ಆರು ಸಾಲಿಗೂ ಇದೇ ಸಮಾಧಾನ.

1953, ತುಂಗಭದ್ರೆಯ ನೀರು ಮತ್ತು ರಕ್ತದ ಕಾಲುವೆ

1953 ನಮ್ಮ ಹಿರಿಯರಿಗೆ ಮರೆಯದ ವರ್ಷ. ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಹರಿದ ವರ್ಷ ಅದು. ಸಿಂಧನೂರು ಸೀಮೆ ಜೋಳದಿಂದ ಭತ್ತಕ್ಕೆ ಹೊರಳಿದ್ದು ಅಲ್ಲಿಂದಲೇ. ಹೃದಯ ಚಿಕಿತ್ಸೆಯ ಚರಿತ್ರೆಯಲ್ಲೂ ಅದು ಅಂಥದೇ ವರ್ಷ. ಆ ವರ್ಷ ಎರಡು ಘಟನೆ ನಡೆದವು.

ಮೊದಲನೆಯದು 1953ರ ಮೇ 6ರಂದು, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಜಾನ್ ಗಿಬ್ಬನ್ ಎಂಬ ವೈದ್ಯ ಎರಡು ದಶಕ ದುಡಿದು ಕಟ್ಟಿದ ಹೃದಯ-ಶ್ವಾಸಕೋಶ ಯಂತ್ರವನ್ನು ಜೋಡಿಸಿ, 18 ವರ್ಷದ ಹುಡುಗಿಯ ಹೃದಯದ ತೂತು ಮುಚ್ಚಿದ. 26 ನಿಮಿಷ ಆಕೆಯ ರಕ್ತವನ್ನು ಆ ಯಂತ್ರವೇ ಶುದ್ಧ ಮಾಡಿ ಮೈಗೆಲ್ಲ ತಳ್ಳಿತು.

ಯಂತ್ರದ ತತ್ವವನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನಾವೆಲ್ಲ ಎದೆ ಹಿಡಿದು ಕುಂತಿದ್ದೆವು. ಹರಿಯುವ ನೀರಿನಲ್ಲಿ ಗೇಟ್ ಕೂರಿಸುವುದು ಹೇಗೆ, ಜಲಾಶಯ ಖಾಲಿಯಾದರೆ ಬೆಳೆಗೆ ಗತಿ ಏನು ಎಂಬುದೇ ವಾರವಿಡೀ ಮಾತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿವಿನ ನಡುವೆಯೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿದಾಗ ಉಸಿರು ಬಂತು. ಹೃದಯದ ಸರ್ಜನ್ನನ ಪಾಡೂ ಇದೇ: ಗೇಟಿಗೆ ಕೈ ಹಾಕಬೇಕು, ಆದರೆ ಕೆಳಗಿನ ಗದ್ದೆ ಒಣಗಬಾರದು. ಅದಕ್ಕೆ ಗಿಬ್ಬನ್ ಕಂಡ ದಾರಿ, ಪಕ್ಕದಲ್ಲಿ ಇನ್ನೊಂದು ಕಾಲುವೆ ತೆಗೆದು ಹರಿವನ್ನೇ ಆ ಕಡೆ ತಿರುಗಿಸುವುದು. ಅದನ್ನೇ ಬೈಪಾಸ್ ಎನ್ನುತ್ತಾರೆ.

ಎರಡನೆಯದು ಸ್ವೀಡನ್ನಿನಲ್ಲಿ. ಇಂಗೆ ಎಡ್ಲರ್ ಎಂಬ ವೈದ್ಯ ಮತ್ತು ಹೆಲ್ಮುತ್ ಹರ್ಟ್ಜ್ ಎಂಬ ಭೌತವಿಜ್ಞಾನಿ ಮಾಲ್ಮೊ ಊರಿನ ಹಡಗುಕಟ್ಟೆಯಿಂದ ಒಂದು ಯಂತ್ರವನ್ನು ಕಡ ತಂದರು. ಲೋಹದ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಶಬ್ದಾತೀತ ತರಂಗದಿಂದ ನೋಡುವ ಯಂತ್ರ ಅದು. 1953ರ ಅಕ್ಟೋಬರಿನಲ್ಲಿ ಅದನ್ನು ಮನುಷ್ಯನ ಎದೆಗಿಟ್ಟು ಹೃದಯದ ಚಲನೆಯನ್ನು ದಾಖಲಿಸಿದರು. ಇಂದಿನ ಎಕೋ ಹುಟ್ಟಿದ್ದು ಅಲ್ಲಿ. 1959ರಲ್ಲಿ ಜರ್ಮನಿಯ ಎಫರ್ಟ್ ಮತ್ತು ಡೊಮಾನಿಗ್ ಅದೇ ತರಂಗದಿಂದ ಎಡ ಹೃತ್ಕರ್ಣದ ಗಡ್ಡೆಯನ್ನು ಗುರುತಿಸಿದರು. ಚರ್ಮ ಕೊಯ್ಯದೆ, ನಾಳ ಚುಚ್ಚದೆ.

ಇವೆರಡರ ನಡುವೆ 1954ರ ಜುಲೈ 16. ಸ್ಟಾಕ್‌ಹೋಮಿನಲ್ಲಿ ಕ್ಲಾರೆನ್ಸ್ ಕ್ರಾಫೋರ್ಡ್ ಎಂಬ ಶಸ್ತ್ರವೈದ್ಯರು ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ 40 ವರ್ಷದ ಒಬ್ಬ ಮಹಿಳೆಯ ಎಡ ಹೃತ್ಕರ್ಣ ತೆರೆದು ಮಿಕ್ಸೋಮಾ ಹೊರತೆಗೆದರು. ಯಂತ್ರ ಕಟ್ಟುವುದರಲ್ಲಿ ಜತೆಗಿದ್ದವರು ಓಕೆ ಸೆನ್ನಿಂಗ್; ನಾಲ್ಕು ವರ್ಷದ ನಂತರ ಮನುಷ್ಯನ ಮೈಯೊಳಗೆ ಪೇಸ್‌ಮೇಕರ್ ಕೂರಿಸಿದವರೂ ಅವರೇ. ಆ ಮಹಿಳೆ ಗುಣವಾದಳು, ಮುಂದೆ ದಶಕಗಟ್ಟಲೆ ಬದುಕಿದಳು. ಮಿಕ್ಸೋಮಾ ತೆಗೆಸಿಕೊಂಡು ಉಳಿದ ಮೊದಲ ಮನುಷ್ಯಳು ಆಕೆಯೇ. ಕೊಲಂಬೊನ ಪುಸ್ತಕದಿಂದ ಆ ದಿನಕ್ಕೆ 395 ವರ್ಷ.

ವಿದ್ಯೆ ನಮ್ಮ ಕಡೆ ಬಂದ ದಾರಿ

ದಕ್ಷಿಣ ಭಾರತಕ್ಕೆ ಈ ವಿದ್ಯೆ ಬಂದದ್ದು ಮುಖ್ಯವಾಗಿ ವೆಲ್ಲೂರಿನ ಮೂಲಕ. ಅಮೆರಿಕದ ರೀವ್ ಬೆಟ್ಸ್ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1949ರ ಹೊತ್ತಿಗೆ ಎದೆ ಶಸ್ತ್ರಚಿಕಿತ್ಸೆಯ ವಿಭಾಗ ಕಟ್ಟಿದರು. ಅಲ್ಲಿ ತಯಾರಾದ ಎನ್. ಗೋಪೀನಾಥ್ 1962ರಲ್ಲಿ ಯಂತ್ರದ ನೆರವಿನಿಂದ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮಾಡಿದರು. ನಮ್ಮ ಕಡೆಯ ಹಿರಿಯರು ‘ವೆಲ್ಲೂರಿಗೆ ಹೋದ್ರ ಉಳೀತಾನ’ ಅನ್ನುತ್ತಿದ್ದುದು ಸುಮ್ಮನೆ ಅಲ್ಲ. ಆದರೆ ವೆಲ್ಲೂರಿಗೆ ಹೋಗಲು ಹೊಲ ಮಾರಬೇಕಿತ್ತು.

ಮುಂದೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಬೆಳೆದ ಜಯದೇವ ಹೃದ್ರೋಗ ಸಂಸ್ಥೆ ಬನ್ನೇರುಘಟ್ಟ ರಸ್ತೆಯ ದೊಡ್ಡ ಕಟ್ಟಡಕ್ಕೆ ಹೋಯಿತು. 1991ರಲ್ಲಿ ಪುಟ್ಟಪರ್ತಿಯಲ್ಲಿ, 2001ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ದುಡ್ಡು ತೆಗೆದುಕೊಳ್ಳದ ಸತ್ಯಸಾಯಿ ಆಸ್ಪತ್ರೆಗಳು ತೆರೆದವು. 2000ದ ನಂತರ ನಾರಾಯಣ ಹೃದಯಾಲಯ ಬಂತು. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಬಂತು. ರಾಯಚೂರಿನಲ್ಲಿ ಓಪೆಕ್ ನೆರವಿನ ಆಸ್ಪತ್ರೆ ಎದ್ದಿತು, 2007ರಲ್ಲಿ ರಿಮ್ಸ್ ಶುರುವಾಯಿತು.

ಆದರೆ ಬಡವರ ಮನೆಗೆ ಬಾಗಿಲು ತೆರೆದದ್ದು 2010ರಲ್ಲಿ ಎನ್ನಬೇಕು. ಬಿಪಿಎಲ್ ಕುಟುಂಬಗಳ ಹೃದಯ, ಕ್ಯಾನ್ಸರ್, ನರ ಮುಂತಾದ ದೊಡ್ಡ ಚಿಕಿತ್ಸೆಗಳ ಖರ್ಚನ್ನು ಸರ್ಕಾರವೇ ಭರಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ಆ ವರ್ಷ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಗೆ ಬಂತು. ಯೋಜನೆ ಇದ್ದ ಹಳ್ಳಿಗಳನ್ನೂ, ಗಡಿಯಾಚೆ ಯೋಜನೆ ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯಲ್ಲಿ ಸೇರಿದ ರೋಗಗಳಿಂದ ಬಡ ಕುಟುಂಬಗಳಲ್ಲಿ ಆಗುತ್ತಿದ್ದ ಸಾವು ಶೇ 64ರಷ್ಟು ಕಡಿಮೆ ಎಂದು ಅದು ಹೇಳಿತು. 2018ರಲ್ಲಿ ಈ ಯೋಜನೆಗಳೆಲ್ಲ ಸೇರಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಆಯಿತು. 2024ರಲ್ಲಿ ಸಿಂಧನೂರಿಗೆ ರೈಲು ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವದ 371 ಹಾಸಿಗೆಯ ಹೊಸ ಕಟ್ಟಡ ತೆರೆಯಿತು. ಆ ಅಂಕಿ 371(ಜೆ) ಕಲಮಿನ ನೆನಪಿಗೆ. ನಮ್ಮ ಭಾಗದ ಜನ ಹೋರಾಡಿ ಪಡೆದ ಕಲಮು ಅದು.

ಇಷ್ಟೆಲ್ಲ ಇದ್ದೂ ವಳಕಮದಿನ್ನಿಯ ಅಕ್ಕ ಎಂಟು ತಿಂಗಳು ಅಲೆದಳು. ಆಪರೇಷನ್ನಿನ ಬಾಗಿಲು ತೆರೆದಿತ್ತು. ಆ ಬಾಗಿಲಿಗೆ ಹೋಗಬೇಕು ಎಂದು ತೋರಿಸುವ ಒಂದು ಎಕೋ ಹತ್ತಿರದಲ್ಲಿ ಇರಲಿಲ್ಲ. ನಮಗೆ ಕಾಣುವ ಮಟ್ಟಿಗೆ ಈಗಿನ ಕೊರತೆ ಇದೇ. ತಾಲ್ಲೂಕು ಮಟ್ಟದಲ್ಲಿ ಎಕೋ ಯಂತ್ರ ಮತ್ತು ಅದನ್ನು ಓದಬಲ್ಲವರು ಬೇಕು.

ಆಪರೇಷನ್ ಹೇಗೆ ಮಾಡುತ್ತಾರೆ?

ಆಕೆಯನ್ನು ಬೆಂಗಳೂರಿಗೆ ಕಳಿಸಿದರು. ಮಿಕ್ಸೋಮಾ ಎಂದು ಗೊತ್ತಾದ ಮೇಲೆ ಹೆಚ್ಚು ದಿನ ಕಾಯಿಸುವುದಿಲ್ಲ. ಯಾವಾಗ ಚೂರು ಕಳಚಿ ಮಿದುಳಿಗೆ ಹೋದೀತೋ ಹೇಳಲಾಗದು. ಮಾತ್ರೆಯಿಂದ ಈ ಗಡ್ಡೆ ಕರಗುವುದಿಲ್ಲ. ತೆಗೆಯುವುದೊಂದೇ ದಾರಿ.

ಎದೆಯ ನಡು ಎಲುಬನ್ನು ಸೀಳಿ ಹೃದಯ ತಲುಪುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಕೊಳವೆಗಳನ್ನು ಜೋಡಿಸಿ ರಕ್ತವನ್ನು ಯಂತ್ರಕ್ಕೆ ತಿರುಗಿಸುತ್ತಾರೆ. ಅಲ್ಲಿಯವರೆಗೆ ಹೃದಯವನ್ನು ಆದಷ್ಟು ಮುಟ್ಟುವುದಿಲ್ಲ, ಅಲುಗಾಡಿದರೆ ಗಡ್ಡೆ ಒಡೆದೀತು ಎಂದು. ಬಳಿಕ ಪೊಟ್ಯಾಸಿಯಂ ಬೆರೆತ ತಣ್ಣನೆಯ ದ್ರವ ಕೊಟ್ಟು ಹೃದಯವನ್ನು ಮಲಗಿಸುತ್ತಾರೆ. ಹೃತ್ಕರ್ಣ ತೆರೆದು ಗಡ್ಡೆಯನ್ನು ಮಾತ್ರವಲ್ಲ, ಅದು ಅಂಟಿದ್ದ ಗೋಡೆಯ ತುಣುಕನ್ನೂ ಸುತ್ತ ಕೊಂಚ ಅಂಚು ಬಿಟ್ಟು ಕೊಯ್ದು ತೆಗೆಯುತ್ತಾರೆ. ಬೇರು ಉಳಿದರೆ ಕಳೆ ಮತ್ತೆ ಚಿಗುರುತ್ತದಲ್ಲ, ಹಾಗೆ. ಗೋಡೆಯ ತೂತನ್ನು ಹೃದಯದ ಹೊರಚೀಲದ ತೇಪೆಯಿಂದ ಮುಚ್ಚುತ್ತಾರೆ. ಕೋಣೆಗಳನ್ನು ತೊಳೆದು, ಚೂರು ಉಳಿದಿಲ್ಲವೆಂದು ನೋಡಿ, ಹೊಲಿದು, ರಕ್ತವನ್ನು ಮತ್ತೆ ಹಳೆಯ ದಾರಿಗೆ ಬಿಡುತ್ತಾರೆ. ಹೃದಯ ಬಡಿಯಲು ಶುರುಮಾಡುತ್ತದೆ.

ಅನುಭವಿ ಕೇಂದ್ರಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಈ ಆಪರೇಷನ್ನಿನಿಂದ ಗುಣವಾಗಿ ಮನೆಗೆ ಹೋಗುತ್ತಾರೆ. ಗಡ್ಡೆ ಮರುಕಳಿಸುವುದು ನೂರರಲ್ಲಿ ಒಂದೆರಡು, ಹೆಚ್ಚೆಂದರೆ ಮೂರು ಮಂದಿಗೆ. ಅದಕ್ಕೇ ಆಗಾಗ ಎಕೋ ಮಾಡಿಸಿ ಎನ್ನುತ್ತಾರೆ.

ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಡಿ ನೋಡಿ ವರದಿ ಕೊಡುತ್ತಾರೆ. ಆಕೆಯ ವರದಿಯಲ್ಲಿ ‘ಬಿನೈನ್’ ಎಂದಿತ್ತು, ಅಂದರೆ ಕ್ಯಾನ್ಸರ್ ಅಲ್ಲ. ನಾವು ಆ ಕಾಗದವನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆದುಕೊಂಡಿದ್ದೆವು. ಆ ಪದದ ಅರ್ಥ ಹುಡುಕಲು ಒಂದು ನಿಮಿಷ ಸಾಕಿತ್ತು. ಸುದ್ದಿ ಕಳಿಸಲು ಆರು ಗಂಟೆಯ ಗಡುವಿತ್ತು, ಮತ್ತು ‘ಟ್ಯೂಮರ್’ ಎಂದರೆ ಕ್ಯಾನ್ಸರ್ ಎಂಬುದು ನಮ್ಮ ತಲೆಯಲ್ಲಿ ಮೊದಲೇ ಕೂತಿತ್ತು.

ಮಗಳ ಪ್ರಶ್ನೆ

ಹಾಗಾದರೆ ಮಗಳಿಗೆ ಬರುವುದಿಲ್ಲವೇ? ಇದಕ್ಕೂ ನೇರ ಉತ್ತರ ಕೊಡಬೇಕು. ಮಿಕ್ಸೋಮಾ ಬಹುತೇಕ ಒಬ್ಬಂಟಿ ಕಾಯಿಲೆ. ಇಪ್ಪತ್ತರಲ್ಲಿ ಒಂದರಷ್ಟು ಮಾತ್ರ ಮನೆತನದಲ್ಲಿ ಬರುವಂಥದು. 1985ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಕಾರ್ನಿ ಎಂಬ ವೈದ್ಯರು ಅಂಥ ಮನೆತನಗಳ ಲಕ್ಷಣಗಳನ್ನು ಒಟ್ಟುಗೂಡಿಸಿದರು: ಮುಖ, ತುಟಿಗಳ ಮೇಲೆ ಕಪ್ಪು ಮಚ್ಚೆಗಳು, ಗ್ರಂಥಿಗಳ ತೊಂದರೆ, ಚಿಕ್ಕ ವಯಸ್ಸಿನಲ್ಲೇ ಒಂದಕ್ಕಿಂತ ಹೆಚ್ಚು ಗಡ್ಡೆ. ಅದಕ್ಕೆ ಕಾರಣವಾದ ಒಂದು ಜೀನ್ ಕೂಡ 2000ದ ಹೊತ್ತಿಗೆ ಪತ್ತೆಯಾಯಿತು. ಆ ಲಕ್ಷಣ ಯಾವುವೂ ಈ ಅಕ್ಕನಿಗಿರಲಿಲ್ಲ. ಆದರೂ ಎಚ್ಚರಕ್ಕೆಂದು ವೈದ್ಯರು ಮಕ್ಕಳ ಎಕೋ ಮಾಡಿಸಲು ಹೇಳಿದ್ದರು. ಮಗಳ ಎಕೋ ಶುಭ್ರವಾಗಿತ್ತು. ಊರಿನ ಬಾಯಿಗೆ ಬಿದ್ದು ‘ಎಚ್ಚರಕ್ಕೆ’ ಎಂಬುದು ‘ವಂಶದ್ದು’ ಎಂದಾಯಿತು. ಅದಕ್ಕೆ ಅಚ್ಚಿನ ಮುದ್ರೆ ಒತ್ತಿದ್ದು ನಮ್ಮ ತಲೆಬರಹ.

ನಮ್ಮ ಜತೆ ಓದಿ ಈಗ ತಾಲ್ಲೂಕುಗಳಲ್ಲಿ ವರದಿ ಕಳಿಸುತ್ತಿರುವ ಗೆಳೆಯರಿಗೆ ಒಂದು ಮಾತು. ಗಡ್ಡೆಯ ಸುದ್ದಿ ಬರೆಯುವಾಗ ಬಯಾಪ್ಸಿ ವರದಿ ಕೇಳಿ. ಬಿನೈನ್ ಎಂದಿದ್ದರೆ ಕ್ಯಾನ್ಸರ್ ಎಂಬ ಪದ ಹತ್ತಿರ ಸುಳಿಯಬಾರದು. ಅರ್ಥವಾಗದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಎತ್ತದಿದ್ದರೆ ಸುದ್ದಿ ನಾಳೆಗಿರಲಿ. ಓದುಗರಿಗೆ ಇನ್ನೊಂದು: ಭಂಗಿ ಬದಲಿಸಿದಂತೆ ಉಸಿರು ಕಟ್ಟುವುದು, ಬಗ್ಗಿ ಎದ್ದಾಗ ಪದೇ ಪದೇ ಬೀಳುವುದು, ಸಣ್ಣ ವಯಸ್ಸಿನಲ್ಲೇ ಲಕ್ವ ಹೊಡೆಯುವುದು ಕಂಡರೆ ತಾಯತಕ್ಕೆ ಮೊದಲು ಒಂದು ಎಕೋ ಮಾಡಿಸಿ. ಬಹಳಷ್ಟು ಸಲ ಬೇರೆ ಕಾರಣವೇ ಸಿಗುತ್ತದೆ. ಅದು ಗೊತ್ತಾಗುವುದೂ ಒಳ್ಳೆಯದೇ.

ಕಳೆದ ವಾರ ಈ ಬರಹದ ಕರಡನ್ನು ಹಿಡಿದು ವಳಕಮದಿನ್ನಿಗೆ ಹೋಗಿದ್ದೆವು. ಹೆಸರು ಹಾಕುವುದಿಲ್ಲ ಎಂದು ಮೊದಲೇ ಮಾತು ಕೊಟ್ಟೆವು. ಆಕೆ ಓದು ಬಲ್ಲವಳಲ್ಲ. ಮಗಳೇ ಗಟ್ಟಿಯಾಗಿ ಓದಿದಳು. ಸ್ಟಾಕ್‌ಹೋಮಿನ ಆ ಮಹಿಳೆಯ ಭಾಗ ಬಂದಾಗ ತಾಯಿ ತಡೆದು, ‘ಆಕಿ ಎಷ್ಟು ವರ್ಷ ಇದ್ಲಂತ?’ ಅಂತ ಕೇಳಿದಳು. ಹತ್ತಾರು ವರ್ಷ ಅಂದೆವು. ‘ಹಂಗಾರ ನಾನೂ ಇರ್ತೀನಿ’ ಅಂದು ಎದ್ದು ಹೋಗಿ ಚಹಾಕ್ಕಿಟ್ಟಳು. ಆ ಸಂಬಂಧ ಮತ್ತೆ ಕೂಡಿಬಂದಿಲ್ಲ. ಮಗಳು ಈ ವರ್ಷ ಸಿಂಧನೂರಿನ ಕಾಲೇಜಿಗೆ ಸೇರಿದ್ದಾಳೆ. ಕರಡಿನ ಒಂದು ಪ್ರತಿ ತನಗೆ ಬೇಕು ಎಂದು ಇಟ್ಟುಕೊಂಡಳು. ಯಾರಾದರೂ ಕೇಳಿದರೆ ತೋರಿಸಲು.